ತಲೆ ಮುಟ್ಟುವ ಮುನ್ನ

ನಾಳೆ ಶಾಲೆಯಲ್ಲಿ ಗುರುವಂದನೆ, ಹೂವು ಬಿಡಿಸಿಕೊಂಡು ಬಾ ಎಂದು ಫಯೋಮಜ್ಜಿ ಎಷ್ಟು ಕೂಗಿದರೂ ಮೊಮ್ಮಗಳು ದಾವ್ ಮೆಟ್ಟಿಲು ಬಿಟ್ಟು ಏಳಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ಟವೆಲಿನ ಕೆಳಗೆ ಒಂದು ಕಡೆಯ ಕೂದಲು ಭುಜದವರೆಗಿತ್ತು, ಇನ್ನೊಂದು ಕಡೆಯದು ಕಿವಿಗಿಂತ ಮೇಲೆ. ಕೂದಲು ಕಿವಿ ದಾಟಬಾರದೆಂಬುದು ಬ್ಯಾಂಕಾಕಿನಿಂದ ದೂರದ ಆ ಹಳ್ಳಿಶಾಲೆಯ ನಿಯಮ. ಅಂದು ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ, ಎಲ್ಲರೆದುರು, ಪ್ರಾನೀ ಟೀಚರ್ ಶಿಕ್ಷೆಯೆಂದು ಒಂದೇ ಕಡೆಗೆ ಕತ್ತರಿ ಆಡಿಸಿದ್ದರು.

"ಆ ಕೈಗೆ ನಾನು ನಮಸ್ಕಾರ ಮಾಡಲ್ಲ ಅಜ್ಜಿ. ಇನ್ನು ಶಾಲೆಗೂ ಹೋಗಲ್ಲ. ಬ್ಯಾಂಕಾಕಿನಲ್ಲಿರೋ ಅಮ್ಮನ ಹತ್ರ ಹೋಗಿ ಹೊಲಿಗೆ ಕೆಲಸ ಮಾಡ್ತೀನಿ."

"ಕೂದ್ಲು ತಾನೇ, ಬೆಳೆಯುತ್ತೆ ಬಿಡೆ. ನಾವು ಬೆತ್ತದ ಏಟು ತಿಂದೂ ಕೈ ಮುಗೀತಿದ್ವಿ."

ಅಜ್ಜಿಯ ಬಿ.ಪಿ. ನೋಡಲು ಬಂದಿದ್ದ ರತನಾ ತೋಳಿಗೆ ಪಟ್ಟಿ ಸುತ್ತುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಪಕ್ಕದ ಮನೆಯವಳು, ಊರಿನ ಆರೋಗ್ಯ ಸೇವಕಿ. ಅವಮಾನವಾದ ಮಕ್ಕಳು ಮೊದಲು ಮಾತು ಬಿಡುತ್ತಾರೆ, ಆಮೇಲೆ ಶಾಲೆ ಬಿಡುತ್ತಾರೆ ಎಂಬುದನ್ನು ಅವಳು ಮನೆ ಮನೆಯಲ್ಲೂ ಕಂಡಿದ್ದಳು.

"ನಿಮಗೆ ತುಂಬ ಇಷ್ಟವಾದ ಟೀಚರ್ ಯಾರಜ್ಜಿ?"

"ಮಾಲೀ ಟೀಚರ್. ಇನ್ಯಾರು?"

"ಅವರ ಬೆತ್ತ ಹೇಗಿತ್ತು?"

ಅಜ್ಜಿಗೆ ಬೆತ್ತ ನೆನಪಿಗೆ ಬರಲಿಲ್ಲ. ಬಂದದ್ದು ಹುಣಸೆಮರದ ನೆರಳು, ಕೊಬ್ಬರಿ ಎಣ್ಣೆಯ ವಾಸನೆ, ಮರದ ಹಣಿಗೆ. ಹೇನು ತುಂಬಿದ ತಲೆಯೆಂದು ಬೇರೆ ಹುಡುಗಿಯರು ದೂರ ಸರಿದು ಕೂತಾಗ, ಮಾಲೀ ಟೀಚರ್ ಪುಟ್ಟ ಫಯೋಮಳೊಬ್ಬಳನ್ನೇ ಆ ನೆರಳಿಗೆ ಕರೆದೊಯ್ದಿದ್ದರು. ತಲೆಯೆಂದರೆ ಮೈಯಲ್ಲೆಲ್ಲ ಪೂಜ್ಯವಾದದ್ದು, ಚಿಕ್ಕವರದ್ದಾದರೂ ಕೇಳದೆ ಮುಟ್ಟಬಾರದೆಂಬ ಊರು ಅದು. ಹಣಿಗೆ ಹಿಡಿದ ಟೀಚರ್ ಮೊದಲು ಕೇಳಿದ್ದರು: "ತಲೆ ಮುಟ್ಟಲಾ ಮಗಳೇ?"

ಅದನ್ನು ಹೇಳುತ್ತ ಅಜ್ಜಿ ಪಟ್ಟಿ ಸುತ್ತಿದ ಕೈಯನ್ನೇ ಎತ್ತಿ ಬಾಚಿ ತೋರಿಸಿದಳು. "ಸುಮ್ನಿರಿ, ಬಿ.ಪಿ. ಏರಿಬಿಡುತ್ತೆ" ಎಂದು ರತನಾ ನಕ್ಕಳು. ಮೆಟ್ಟಿಲ ಮೇಲಿದ್ದ ದಾವ್ ನಗಲಿಲ್ಲ. ಆದರೆ ಕೇಳುತ್ತಿದ್ದಳು.

ಸಂಜೆ ಅಜ್ಜಿ, ರತನಾ ಇಬ್ಬರೂ ಪ್ರಾನೀ ಟೀಚರ ಮನೆಗೆ ಹೋದರು. ದೂರು ಹೇಳುವ ಮಾತಲ್ಲ, ಜಗಳ ಬೇಡವೇ ಬೇಡ ಎಂದು ರತನಾ ದಾರಿಯಲ್ಲೇ ಹೇಳಿದ್ದಳು. ಅಜ್ಜಿ ಹುಣಸೆಮರದ ಕಥೆಯನ್ನಷ್ಟೇ ಹೇಳಿದಳು. ಪ್ರಾನೀ ಟೀಚರ ಮುಖ ಮೊದಲು ಬಿಗಿಯಿತು. ಸದರ ಕೊಟ್ಟರೆ ಮಕ್ಕಳು ಹಿಡಿತ ತಪ್ಪುತ್ತಾರೆ, ತಾನು ಓದುವಾಗ ತನ್ನ ಕೂದಲನ್ನೂ ಹೀಗೇ ಕತ್ತರಿಸಿದ್ದರು ಎಂದರು.

"ಆಗ ನೀವು ಅತ್ತಿದ್ರಾ ಅಮ್ಮ?" ಅಜ್ಜಿ ಕೇಳಿದಳು.

ಟೀಚರ್ ನೀರಿನ ಲೋಟವನ್ನು ಸುಮ್ಮನೆ ಸರಿಸಿದರು. "ಒಲೆ ಹಿಂದೆ ಕೂತು ಅತ್ತಿದ್ದೆ. ಯಾರಿಗೂ ಹೇಳಿರಲಿಲ್ಲ."

ಮರುದಿನ ಗುರುವಂದನೆಯ ರೂಢಿಯಂತೆ ಗರಿಕೆ, ಬದನೆ ಹೂವು, ಕೇಪಳದ ಹೂವು ಜೋಡಿಸಿದ ತಟ್ಟೆಯನ್ನು ಅಜ್ಜಿಯೇ ಹೊತ್ತಳು. "ಮನಸ್ಸಿದ್ರೆ ಕೊಡು, ಇಲ್ದಿದ್ರೆ ವಾಪಸ್ ತರೋಣ" ಎಂದು ಅಜ್ಜಿ ಹೇಳಿದ ಮೇಲೆಯೇ ದಾವ್ ಹೊರಟದ್ದು. ಶಾಲೆಯಲ್ಲಿ ಟೀಚರುಗಳು ಕುರ್ಚಿಯಲ್ಲಿದ್ದರು, ಮಕ್ಕಳು ಚಾಪೆಯ ಮೇಲೆ ಮಂಡಿಯೂರಿದ್ದರು. ದಾವ್ ಎದುರಿಗೆ ಬಂದಾಗ ಪ್ರಾನೀ ಟೀಚರ್ ಕುರ್ಚಿ ಬಿಟ್ಟಿಳಿದು ಅವಳ ಸಮಕ್ಕೆ ಚಾಪೆಯಲ್ಲೇ ಕೂತರು.

"ಎಲ್ಲರ ಮುಂದೆ ತಪ್ಪು ಮಾಡಿದೆ, ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ. ಆ ಕಡೆ ಕೂದಲು ಸರಿ ಮಾಡಿಕೊಡಬೇಕು ಅಂತಿದೆ. ತಲೆ ಮುಟ್ಟಲಾ ದಾವ್?"

ದಾವ್ ತಲೆಯೆತ್ತಿದಳು. "ಇವತ್ತು ಬೇಡ ಟೀಚರ್."

ಟೀಚರ್ ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. "ಆಯ್ತಮ್ಮ" ಎಂದರು, ಅಷ್ಟೇ.

ಆ ಕೈಯನ್ನು ದಾವ್ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿರುಗಿ, ಟೀಚರಿಗೆ ಕೊಡಲು ಅಜ್ಜಿಯಿಂದ ಹೂವಿನ ತಟ್ಟೆ ಇಸಿದುಕೊಂಡಳು.

ಓದುತ್ತಿರುವ ನೀವು ಟೀಚರಾಗಿದ್ದರೆ, ಶಾಲೆಯ ಅಡುಗೆಯವರೋ ಗೇಟು ಕಾಯುವವರೋ ಆಗಿದ್ದರೆ, ತಿದ್ದುವ ಮುನ್ನ ಮಗುವನ್ನು ಹೆಸರು ಹಿಡಿದು ಕರೆಯಿರಿ, ಪಕ್ಕಕ್ಕೆ ಕರೆದು ಕೇಳಿ. ತಾಯಿತಂದೆಯರಾಗಿದ್ದರೆ ಶಾಲೆಗೆ ಜಗಳಕ್ಕಲ್ಲ, ಮಾತಿಗೆ ಹೋಗಿ. ಮಕ್ಕಳೇ, ನೊಂದರೆ ಒಲೆಯ ಹಿಂದೆ ಕೂರಬೇಡಿ, ನಂಬುವವರಿಗೆ ಹೇಳಿ. ನಿಮಗೂ ಒಬ್ಬ ಮಾಲೀ ಟೀಚರ್ ನೆನಪಿರಬಹುದು. ನಾಳೆ ಯಾವುದೋ ಮಗುವಿನ ನೆನಪಿನಲ್ಲಿ ನೀವು ಹೇಗೆ ಉಳಿಯಬೇಕೆಂದು ಇವತ್ತೇ ಯೋಚಿಸಿ.