ಮಿಸ್ ಎದುರು ಬಿಳಿ ಕಾಯಿ

ಕೋಲಾರದ ಕಡೆಯವರ ಜೊತೆ ಚೆಸ್ ಆಡಲು ಕೂತರೆ ಅವರಿಗೆ ಕಪ್ಪು ಕಾಯಿ ಕೊಟ್ಟು ನೋಡಿ. ನೀವು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ದಾಟಿಸಿದ ತಕ್ಷಣ, ಅವರು ರಾಣಿಯ ಪಕ್ಕದ ಒಂಟೆಯ ಮುಂದಿರುವ ಕಾಲಾಳನ್ನು ಒಂದೇ ಒಂದು ಮನೆ ಮುಂದಿಟ್ಟು ಕೈಕಟ್ಟಿ ಕೂರುತ್ತಾರೆ. ಪ್ರಪಂಚ ಇದನ್ನು ಕಾರೋ-ಕಾನ್ ಡಿಫೆನ್ಸ್ ಎನ್ನುತ್ತದೆ. ಎಂಥೆಂಥ ಘಟಾನುಘಟಿಗಳೂ ಆಡುತ್ತಾರೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೆ ಆ ಹೆಸರು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೂ ಅದು ಬರೀ ‘ಮಿಸ್ ಆಟ’.

ಮಿಸ್ ಎಂದರೆ ಶ್ಯಾಮಲಮ್ಮ. ಅವರು ಶಾಲೆಯ ಟೀಚರ್ ಅಲ್ಲ, ಗ್ರಂಥಾಲಯದ ಸಹಾಯಕಿ. ಕೋಲಾರದ ಗ್ರಂಥಾಲಯವೊಂದರ ಹಿಂದಿನ ಕೋಣೆಯಲ್ಲಿ, ಹಳೇ ಪೇಪರ್ ಕಟ್ಟುಗಳನ್ನು ಗೋಡೆಗೆ ಸರಿಸಿ, ಪ್ರತಿ ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ಯಾರಿಂದಲೂ ಏನೂ ತೆಗೆದುಕೊಳ್ಳದೆ ಚೆಸ್ ಹೇಳಿಕೊಟ್ಟವರು. ಜಿಲ್ಲೆಯಲ್ಲಿ ಆಡಲು ಬರುವವರಲ್ಲಿ ಅರ್ಧಕ್ಕರ್ಧ ಜನ ಆ ಕೋಣೆಯ ಧೂಳು ಕುಡಿದವರೇ.

ಆಶಾರಾಣಿ ಅಲ್ಲಿಗೆ ಸೇರಿದಾಗ ಹದಿಮೂರು ವರ್ಷ. ಲಕ್ಕೂರಿನಲ್ಲಿ ಹಿಪ್ಪುನೇರಳೆ ಬೆಳೆಯುವ ಮನೆಯ ಹುಡುಗಿ. ಈಗ ಮೂವತ್ತೊಂದರ ಹೆಂಗಸು, ಮಾಲೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಈ ಹದಿನೆಂಟು ವರ್ಷದಲ್ಲಿ ಮಿಸ್ ಜೊತೆ ಎಷ್ಟು ಆಟ ಆಡಿದ್ದಾಳೋ ಲೆಕ್ಕ ಇಟ್ಟವರಿಲ್ಲ. ಗೆದ್ದ ಆಟಗಳ ಲೆಕ್ಕ ಮಾತ್ರ ಸುಲಭ, ಒಂದೂ ಇಲ್ಲ.

ಬಿಳಿ ಕಾಯಿ ಸಿಕ್ಕಾಗ ಮಿಸ್ ಆಟಕ್ಕೆ ಏನು ಉತ್ತರ ಕೊಡಬೇಕೆಂಬುದನ್ನೂ ಮಿಸ್ಸೇ ಹೇಳಿಕೊಟ್ಟಿದ್ದರು. ಮೂರನೇ ನಡೆಯ ಹೊತ್ತಿಗೆ ನಟ್ಟನಡುವೆ ಎರಡು ಕಾಲಾಳುಗಳು ಒಂದನ್ನೊಂದು ಹೊಡೆಯುವ ಹಾಗೆ ನಿಲ್ಲುತ್ತವೆ. ಹೊಡೆದುಬಿಡಿ, ಅವರೂ ಹೊಡೆಯುತ್ತಾರೆ, ಬಯಲು ಚೊಕ್ಕವಾಗುತ್ತದೆ ಎನ್ನುತ್ತಿದ್ದರು. ಹೊಡೆಯದೆ ಮುಂದಕ್ಕೆ ತಳ್ಳಬಹುದಲ್ಲ ಎಂದು ಯಾರಾದರೂ ಕೇಳಿದರೆ, ತಳ್ಳಬೇಡಿ ಎನ್ನುತ್ತಿದ್ದರು, ಅಷ್ಟೇ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೀಗಾಗಿ ಜಿಲ್ಲೆಗೆ ಜಿಲ್ಲೆಯೇ ಹೊಡೆಯಿತು, ಚೊಕ್ಕ ಮಾಡಿತು, ರಾಜ್ಯ ಮಟ್ಟಕ್ಕೆ ಹೋಗಿ ಡ್ರಾ ಮೇಲೆ ಡ್ರಾ ಮಾಡಿಕೊಂಡು ಮನೆಗೆ ಬಂತು.

ಎರಡು ತಿಂಗಳ ಹಿಂದೆ ಆಶಾರಾಣಿ ಮಾಲೂರಿನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಯಾವುದೋ ಪಾಠ ನೋಡುತ್ತಿದ್ದಳು. ಮೂರನೇ ನಡೆಯಲ್ಲಿ ತಳ್ಳುವುದು ಕಾರೋ-ಕಾನ್‌ಗೆ ದೊಡ್ಡವರೆಲ್ಲ ಕೊಡುವ ಉತ್ತರ ಎಂದು ಅದರಲ್ಲಿತ್ತು. ತಳ್ಳಿದರೆ ಬಿಳಿಗೆ ಜಾಗ ಸಿಗುತ್ತದೆ, ಕಪ್ಪಿಗೆ ಉಸಿರು ಕಟ್ಟುತ್ತದೆ. ಆಟ ಮಾತ್ರ ಬಲು ಉದ್ದ. ಅವಳಿಗೆ ಮೈಯೆಲ್ಲ ಉರಿಯಿತು. ಮಿಸ್ ಇದನ್ನು ಬೇಕೆಂತಲೇ ಮುಚ್ಚಿಟ್ಟರು, ತಮ್ಮ ಕೋಟೆಯ ಬಿರುಕು ತಾವೇ ಯಾಕೆ ತೋರಿಸುತ್ತಾರೆ ಎಂದುಕೊಂಡಳು. ಅವತ್ತಿನಿಂದ ಹೋಗುವಾಗ ಬರುವಾಗ ಫೋನಿನಲ್ಲಿ ಅದನ್ನೇ ಆಡಿದಳು. ಮೊದಲ ತಿಂಗಳು ಕಂಡ ಕಂಡವರ ಹತ್ತಿರ ಸೋತಳು. ಎರಡನೆಯ ತಿಂಗಳು ಕೈ ಕುದುರಿತು.

ಮಿಸ್ಸನ್ನು ಒಂದು ಸಲವಾದರೂ ಗೆಲ್ಲಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಅದಕ್ಕೆ ಉಳಿದಿದ್ದದ್ದು ಇದೊಂದೇ ಅವಕಾಶ. ತಿಂಗಳ ಕೊನೆಗೆ ಶ್ಯಾಮಲಮ್ಮನವರಿಗೆ ನಿವೃತ್ತಿ. ಆಮೇಲೆ ಅವರು ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಆಡುವಂತಿಲ್ಲ, ಮನೆ ಖಾಲಿ ಮಾಡಿಕೊಂಡು ತಂಗಿಯ ಜೊತೆ ಇರಲು ದಾವಣಗೆರೆಗೆ ಹೊರಟಿದ್ದರು.

ಕೋಲಾರದಲ್ಲಿ ನಡೆದ ಈ ವರ್ಷದ ಕೂಟದಲ್ಲಿ ಮಹಿಳೆಯರ ಚೆಸ್ ಕೊನೆಯ ಸುತ್ತಿಗೆ ಬಂದಾಗ ಮಿಸ್ ನಾಲ್ಕಕ್ಕೆ ನಾಲ್ಕು ಗೆದ್ದಿದ್ದರು. ಆಶಾರಾಣಿ ಮೂರೂವರೆ. ಊಟದ ನಂತರ ಅವರಿಬ್ಬರದೇ ಆಟ, ಬಿಳಿ ಕಾಯಿ ಆಶಾರಾಣಿಯದು. ಜೊತೆಗೆ ಕಲಿತವಳು, ಈಗ ಮುಳಬಾಗಿಲಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ ರಮ್ಯ, ಪುಳಿಯೋಗರೆ ಪೊಟ್ಟಣ ಬಿಚ್ಚುತ್ತಾ ಎಲ್ಲವನ್ನೂ ಇತ್ಯರ್ಥ ಮಾಡಿಬಿಟ್ಟಳು. ಡ್ರಾ ಆದರೆ ಟ್ರೋಫಿ ಮಿಸ್‌ಗೆ. ರಾಜ್ಯ ಕೂಟದ ಹೊತ್ತಿಗೆ ಅವರು ನಿವೃತ್ತರು, ಆದ್ದರಿಂದ ಅಲ್ಲಿಗೆ ಹೋಗುವುದು ಹೇಗೂ ಎರಡನೆಯವಳಾದ ಆಶಾರಾಣಿಯೇ. ನೌಕರರ ಸಂಘದ ಕಾರ್ಯದರ್ಶಿ ಚನ್ನರಾಯಪ್ಪನವರು ಮಿಸ್ ಸನ್ಮಾನಕ್ಕೆ ಶಾಲು, ಹಣ್ಣಿನ ಬುಟ್ಟಿ ಎಲ್ಲ ತಂದಿಟ್ಟಿದ್ದಾರೆ.

“ಹೊಡ್ದು ಡ್ರಾ ಮಾಡ್ಕೊಂಡು ಎದ್ದು ಬಾರೇ. ನಗ್ತಾ ಹೋಗ್ಲಿ ಅವ್ರು,” ಎಂದಳು ರಮ್ಯ.

ಯಾರೂ ಕೆಟ್ಟದ್ದು ಹೇಳುತ್ತಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಆಶಾರಾಣಿ ಅರ್ಧ ತಿಂದ ಪೊಟ್ಟಣ ಮಡಚಿ, ಆ ತುದಿಯಲ್ಲಿ ಒಬ್ಬರೇ ಮೊಸರನ್ನ ತಿನ್ನುತ್ತಿದ್ದ ಮಿಸ್ ಹತ್ತಿರ ಹೋಗಿ ಕೂತಳು. ಆಟಕ್ಕೆ ಮುಂಚೆ ಕೇಳಬಾರದೆಂದು ಬುದ್ಧಿ ಹೇಳುತ್ತಿತ್ತು, ಬಾಯಿ ಕೇಳಲಿಲ್ಲ. ಮೂರನೇ ನಡೆಯಲ್ಲಿ ತಳ್ಳುವುದನ್ನು ನಮಗೆ ಯಾಕೆ ಹೇಳಿಕೊಡಲಿಲ್ಲ ಎಂದು ನೇರವಾಗಿ ಕೇಳಿದಳು.

ಶ್ಯಾಮಲಮ್ಮ ಶ್ರೀನಿವಾಸಪುರದ ಆಚೆಯ ಹಳ್ಳಿಯವರು. ಪ್ರೀತಿ ಬಂದರೂ ಸಿಟ್ಟು ಬಂದರೂ ಮೊದಲು ತೆಲುಗೇ ಬರುತ್ತಿತ್ತು. “ಏಮ್ಮಾ, ಅದಕ್ಕಾ ಮುಖ ಹಂಗಿಟ್ಕೊಂಡಿರೋದು?” ಎಂದರು. “ಆಗ ಭಾನ್ವಾರ ಒಂದೂಕಾಲಿಗೆ ನಿಂಗೆ ಮಾಲೂರ್ ಬಸ್ಸು. ಒಂದೂವರೆಗೆ ರಮ್ಯಂಗೆ. ಅದು ತಪ್ಪಿದ್ರೆ ಸಾಯಂಕಾಲವೇ. ತಳ್ಳಿ ಆಡಿದ್ರೆ ಆಟ ಮೂರು ಗಂಟೆಗೂ ಮುಗೀತಿರ್ಲಿಲ್ಲ. ಹೆಣ್ಮಕ್ಳನ್ನ ಕತ್ತಲಾದ್ಮೇಲೆ ಮನೆಗೆ ಕಳ್ಸಿದ್ರೆ ಮುಂದಿನ್ ಭಾನ್ವಾರ ನಿಮ್ಮಪ್ಪ ಕಳಿಸ್ತಿದ್ರೇನೇ?”

ಆಶಾರಾಣಿ ಎರಡು ತಿಂಗಳು ಹೊಟ್ಟೆಯಲ್ಲಿ ಕುದಿಸಿಕೊಂಡಿದ್ದ ಸಿಟ್ಟು ಒಂದೇ ಮಾತಿಗೆ ಇಳಿದುಹೋಯಿತು. ಅದರ ಜೊತೆ ಧೈರ್ಯವೂ ಇಳಿಯಿತು. ಮೋಸ ಮಾಡಿದವರ ಮೇಲೆ ಕಾಲಾಳನ್ನು ತಳ್ಳುವುದು ಸುಲಭವಿತ್ತು. ಹೆಣ್ಣುಮಕ್ಕಳು ಹೊತ್ತಿಗೆ ಸರಿಯಾಗಿ ಮನೆ ಸೇರಲೆಂದು ಆಟವನ್ನೇ ಗಿಡ್ಡ ಮಾಡಿದವರ ಮೇಲೆ ಹೇಗೆ ತಳ್ಳುವುದು?

ಎರಡು ಗಂಟೆಗೆ ಆಟ ಶುರುವಾಯಿತು, ತಲಾ ಒಂದು ಗಂಟೆಯ ಗಡಿಯಾರ. ಬಿಳಿ ಎರಡು ಮನೆ, ಮಿಸ್ ಒಂದು ಮನೆ. ಬಿಳಿ ಇನ್ನೊಂದು ಕಾಲಾಳು, ಮಿಸ್ ಇನ್ನೊಂದು ಕಾಲಾಳು. ಮೂರನೇ ನಡೆಗೆ ಆಶಾರಾಣಿ ಹನ್ನೊಂದು ನಿಮಿಷ ತೆಗೆದುಕೊಂಡಳು. ಹಿಂದೆ ನಿಂತಿದ್ದ ರಮ್ಯ ಎರಡು ಸಲ ಕೆಮ್ಮಿದಳು.

ಹೊಡೆದರೆ ಮುಕ್ಕಾಲು ಗಂಟೆಯಲ್ಲಿ ಕೈಕುಲುಕಿ ಎದ್ದುಬಿಡಬಹುದು. ಎಲ್ಲರಿಗೂ ಸಂತೋಷ. ಆದರೆ ಹದಿಮೂರರ ಹುಡುಗಿ ಬೋರ್ಡಿನ ಮೇಲೆ ಕಣ್ಣೀರು ಸುರಿಸಿದಾಗಲೂ ಮಿಸ್ ಒಂದು ಆಟ ಬಿಟ್ಟುಕೊಟ್ಟಿರಲಿಲ್ಲ. ಒರೆಸಿಕೋ, ನಿನ್ನ ನಡೆ ಎಂದಿದ್ದರು. ಅಂಥವರಿಗೆ ಈಗ ವಯಸ್ಸಾಯಿತೆಂದು, ಊರು ಬಿಡುತ್ತಾರೆಂದು, ಹಣ್ಣಿನ ಬುಟ್ಟಿಯ ಜೊತೆ ಒಂದು ಡ್ರಾ ಇಟ್ಟುಕೊಟ್ಟರೆ ಅದೆಂಥ ಮರ್ಯಾದೆ? ಆಶಾರಾಣಿ ಕಾಲಾಳನ್ನು ಮುಂದಕ್ಕೆ ತಳ್ಳಿದಳು. ಅದು ಮನೆಯ ಗೆರೆ ಮೇಲೆ ಕೂತಿತು, ಬೆರಳಿನಿಂದ ಸರಿಪಡಿಸಿದಳು.

ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಒಂಟೆಯನ್ನು ಹೊರಗೆ ಬಿಟ್ಟರು.

ಆಶಾರಾಣಿ ಬಲದಂಚಿನ ಕಾಲಾಳನ್ನು ಎರಡು ಮನೆ ಓಡಿಸಿದಳು. ಇದನ್ನು ಕಡೆಗಣಿಸಿದವರ ಒಂಟೆ ನಾಲ್ಕೇ ನಡೆಯಲ್ಲಿ ಸಿಕ್ಕಿಬೀಳುತ್ತದೆ. ಮಿಸ್ ಸಿಕ್ಕಿಬೀಳುವವರಲ್ಲ, ತಮ್ಮ ಅಂಚಿನ ಕಾಲಾಳನ್ನೂ ಎರಡು ಮನೆ ತಂದು ಎದುರು ನಿಲ್ಲಿಸಿದರು. ಸರಿಯಾದ ಉತ್ತರವೇ. ಆದರೆ ಆ ಕಾಲಾಳನ್ನು ಇನ್ನು ಬೇರೆ ಕಾಯಿಗಳೇ ಕಾಯಬೇಕು, ಅದು ಮುಂದೆ ಹೋಗಲಾರದು. ಎರಡು ತಿಂಗಳು ಅವಳು ಬಸ್ಸಿನಲ್ಲಿ ಕಲಿತಿದ್ದರ ಸಾರವೇ ಅದು: ಅವಸರ ಬೇಡ, ಒಂಟೆಗೆ ಒಂಟೆ ಕೊಟ್ಟು ತೆಗೆ, ಜಾಗ ಬಿಡಬೇಡ, ಕುದುರೆಯನ್ನು ಸುತ್ತಿಸಿ ಆ ಕಾಲಾಳಿನ ಮೇಲೆ ಬಿಡು.

ಮಿಸ್ ಅದನ್ನು ಬಿಡದೆ ಕಾದರು. ಒಂದು ಗಂಟೆ ಕಳೆಯಿತು. ಬೇರೆ ಬೋರ್ಡುಗಳೆಲ್ಲ ಮುಗಿದು ಜನ ಸುತ್ತ ಕವಿದುಕೊಂಡರು. ಮುಖ್ಯ ಅತಿಥಿಗಳು ಬಂದು ಕೂತಾಗಿದೆ ಎಂದು ಚನ್ನರಾಯಪ್ಪನವರು ಎರಡು ಸಲ ಬಂದು ಪಿಸುಗುಟ್ಟಿದರು. ಆಗ ಮಿಸ್ ತಲೆಯೆತ್ತಿದರು.

“ಡ್ರಾ ಮಾಡ್ಕೊಳೋಣ್ವೇನೇ ಆಶಾ?”

ಮಿಸ್ ಹೇಳಿದ್ದಕ್ಕೆ ಅವಳು ಜನ್ಮದಲ್ಲಿ ಬೇಡ ಎಂದಿರಲಿಲ್ಲ.

“ಬೇಡ ಮಿಸ್. ಆಡೋಣ.”

ಪಕ್ಕದಲ್ಲಿ ಯಾರೋ ಲೊಚಗುಟ್ಟಿದರು. ಮಿಸ್ ತಲೆಯಾಡಿಸಿ ಮತ್ತೆ ಬೋರ್ಡಿಗೆ ಬಾಗಿದರು. ನಲವತ್ತೊಂದನೇ ನಡೆಯಲ್ಲಿ ಅವರ ಅಂಚಿನ ಕಾಲಾಳು ಬಿತ್ತು. ಅಲ್ಲಿಂದಾಚೆ ಆಶಾರಾಣಿಯ ಅಂಚಿನ ಕಾಲಾಳಿಗೆ ದಾರಿ ತೆರೆಯಿತು, ಅದು ಒಂದೊಂದೇ ಮನೆ ನಡೆದುಹೋಯಿತು. ಇನ್ನೆರಡು ಮನೆ ಉಳಿದಿರುವಾಗ ಮಿಸ್ ಗಡಿಯಾರ ನಿಲ್ಲಿಸಿ ಕೈ ಚಾಚಿದರು.

ಅವರ ಕೈ ತಣ್ಣಗಿತ್ತು, ಮುಖ ಬಾಡಿತ್ತು. ಸೋತವರು ನಗಬೇಕೆಂದು ಅವರು ನಗಲೂ ಇಲ್ಲ. ಇದೇ ಗಳಿಗೆಯನ್ನು ಹದಿನೆಂಟು ವರ್ಷ ಕನಸು ಕಂಡಿದ್ದ ಆಶಾರಾಣಿಗೆ ಸಂತೋಷವೂ ಆಯಿತು, ಆ ಮುಖ ನೋಡಿ ಸಂಕಟವೂ ಆಯಿತು. ಎರಡೂ ಒಟ್ಟಿಗೇ ಬಂದವು. ರಮ್ಯ ಮುಖ ತಿರುಗಿಸಿಕೊಂಡು ವೇದಿಕೆಯ ಕಡೆ ಹೋದಳು. ಸನ್ಮಾನ ಸ್ವೀಕರಿಸಲು ಶ್ಯಾಮಲಮ್ಮನವರು ಬರಬೇಕೆಂದು ಯಾರೋ ಮೈಕಿನಲ್ಲಿ ಕೂಗಿದರು.

ಮಿಸ್ ಏಳಲಿಲ್ಲ. ಕಾಯಿಗಳನ್ನೆಲ್ಲ ಮೊದಲಿನ ಮನೆಗಳಿಗೆ ಜೋಡಿಸಿದರು. ಇಬ್ಬರ ನಡೆಗಳನ್ನೂ ತಾವೇ ಆಡಿ, ಬಿಳಿ ಕಾಲಾಳನ್ನು ಮುಂದಕ್ಕೆ ತಳ್ಳಿದಲ್ಲಿಗೆ ನಿಲ್ಲಿಸಿದರು. ಮೈಕಿನಲ್ಲಿ ಮತ್ತೆ ಹೆಸರು ಕೂಗಿದರು.

“ಇಲ್ಲಿ ಒಂಟೆ ಬಿಡದೆ ಇದ್ರೆ ಏನ್ ಆಡ್ಬೇಕಿತ್ತು?” ಎಂದು ಕೇಳಿದರು.

ಪಾಠದಲ್ಲಿ ಮಿಸ್ ಹೀಗೆ ನೂರು ಸಲ ಕೇಳಿದ್ದರು. ಉತ್ತರ ಅವರ ಹತ್ತಿರ ಇರುತ್ತಿತ್ತು, ಮಕ್ಕಳು ಹುಡುಕಬೇಕಿತ್ತು. ಆಶಾರಾಣಿ ಅದೇ ಅಭ್ಯಾಸದಲ್ಲಿ ಅವರ ಮುಖ ನೋಡಿದಳು. ಮಿಸ್ ಬೋರ್ಡಿನಿಂದ ಕಣ್ಣು ಕೀಳದೆ, ತುಟಿ ಕಚ್ಚಿಕೊಂಡು ಕಾಯುತ್ತಿದ್ದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆಶಾರಾಣಿ ಕುರ್ಚಿಯನ್ನು ಮಿಸ್ ಪಕ್ಕಕ್ಕೆ ಎಳೆದುಕೊಂಡು ಕೂತಳು. “ನಿಮ್ಮ ಆ ಮೊದಲ್ನೇ ಕಾಲಾಳನ್ನೇ ಇನ್ನೊಂದು ಮನೆ ಮುಂದಕ್ಕೆ ಇಡಿ ಮಿಸ್,” ಎಂದಳು. “ಇಡಿ, ತೋರಿಸ್ತೀನಿ.”

ಮಿಸ್ ಇಟ್ಟರು.