ಸ್ಲಗ್ ಪದದ ಚೀಟಿ

ನನ್ನ ಮಾವ ನಿಘಂಟು ಬರೆಯುತ್ತಾರೆ ಎಂದರೆ ಜನ ಕೈ ಮುಗಿಯುತ್ತಾರೆ. ಅವರ ಎದುರಿನ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತವಳಿಗೆ ಯಾರೂ ಕೈ ಮುಗಿದದ್ದನ್ನು ನಾನು ಕಂಡಿಲ್ಲ.

ನಮ್ಮ ಮಾತಿನೊಳಗೆ ಬಂದು ಸೇರಿಕೊಂಡ ಇಂಗ್ಲಿಷ್ ಪದಗಳ ನಿಘಂಟು ಅದು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುವ ಹಾಗೆ, ಬೇರೆಯವರು ಪುಸ್ತಕ ನೋಡಿ ನಿಘಂಟು ಮಾಡಿದರೆ ಮಾವ ಬಾಯಿ ನೋಡಿ ಮಾಡುತ್ತಾರೆ. ಪದಕ್ಕೊಂದು ಚೀಟಿ. ಚೀಟಿಯಲ್ಲಿ ಪದ, ಅರ್ಥ, ಯಾರಾದರೂ ನಿಜವಾಗಿ ಆಡಿದ ಒಂದು ವಾಕ್ಯ, ಆಡಿದವರ ಕಸುಬು, ತಾರೀಖು. ನಾವೇ ಕಟ್ಟಿದ ವಾಕ್ಯ ನಡೆಯುವುದಿಲ್ಲ. ಕೇಳಿ ಹೇಳಿಸಿದ್ದೂ ಲೆಕ್ಕಕ್ಕಿಲ್ಲ. ತಾನಾಗಿ ಬಾಯಿಂದ ಬಿದ್ದಿರಬೇಕು. ಆದರೆ ಮಾವನ ಕಿವಿ ಮಂದ. ಹಾಗಾಗಿ ಊರೆಲ್ಲ ಸುತ್ತಿ, ಬಸ್ಸಿನಲ್ಲಿ, ಕ್ಷೌರದಂಗಡಿಯ ಮೆಟ್ಟಿಲಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು ಕದ್ದು ಕೇಳುವ ಕೆಲಸ ನನ್ನದು. ಮದುವೆಯಾಗಿ ಬಂದ ತಿಂಗಳೇ ಈ ಕೆಲಸಕ್ಕೆ ಕೂತೆ. ಆಗ ‘ಬಿ’ ಅಕ್ಷರ ನಡೆಯುತ್ತಿತ್ತು.

ನಾನು ಓದಿದ್ದು ಮೇಷ್ಟರ ಕೆಲಸಕ್ಕೆ. ಪಕ್ಕದ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ ನನ್ನ ಜೊತೆ ಓದಿದವಳು. ಮೂರು ವರ್ಷದ ಹಿಂದೆಯೇ ಕರೆದಿದ್ದಳು. ಮಾವನನ್ನು ಕೇಳಿದರೆ, ‘ಪಿ’ ಒಂದು ಮುಗಿಸಿ ಹೋಗಮ್ಮ ಅಂದರು. ಮುಗಿಸುವ ಹೊತ್ತಿಗೆ ಆ ಕೆಲಸ ಬೇರೆ ಯಾರದೋ ಪಾಲಾಗಿತ್ತು. ಈ ವರ್ಷ ಮತ್ತೆ ಕರೆದಳು. ಮುಂದಿನ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ತರಗತಿಯಲ್ಲಿರಬೇಕು, ಇಲ್ಲದಿದ್ದರೆ ಇನ್ನು ಮುಂದೆ ಕರೆಯುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಮಾವ ಈ ಸಲ, ‘ಎಸ್’ ಮುಗಿಸಿ ಹೋಗಮ್ಮ ಅಂದರು. ಗಂಡನನ್ನು ಕೇಳಿದೆ. ಅಪ್ಪ ಹೇಳಿದ ಮೇಲೆ ಆಯ್ತಲ್ಲ ಎಂದು ಕೋಲೆ ಬಸವನ ಹಾಗೆ ತಲೆಯಾಡಿಸಿದರು. ಅವರನ್ನು ಕೇಳುವುದೂ ಒಂದೇ, ಗೋಡೆಯನ್ನು ಕೇಳುವುದೂ ಒಂದೇ.

ಹಗಲೂ ರಾತ್ರಿಯೂ ದುಡಿದೆ. ಎಸ್ ಪೆಟ್ಟಿಗೆ ತುಂಬಿತು. ಒಂದೇ ಒಂದು ಚೀಟಿ ಉಳಿಯಿತು: ಸ್ಲಗ್. ಅರ್ಥದ ಜಾಗದಲ್ಲಿ ಮಾವನ ಮುತ್ತಿನಂಥ ಅಕ್ಷರ: ‘ಚಿಪ್ಪಿಲ್ಲದ ಬಸವನಹುಳು, ತೇವದಲ್ಲಿ ಹರಿದಾಡುತ್ತದೆ, ಸಸಿಯ ಎಲೆ ತಿನ್ನುತ್ತದೆ.’ ವಾಕ್ಯದ ಜಾಗ ಖಾಲಿ.

ಈ ಪದವನ್ನು ಎಲ್ಲರೂ ಬಲ್ಲರು, ಯಾರೂ ಆಡುವುದಿಲ್ಲ. ತರಕಾರಿ ಬೆಳೆಯುವ ಹೆಂಗಸಿನ ಪಾತಿಯ ಪಕ್ಕ ಎರಡು ಬೆಳಿಗ್ಗೆ ಕೂತೆ. ಆಕೆ ಅದನ್ನು ಸಿಂಬಳದ ಹುಳ ಅಂದಳು, ದರಿದ್ರದ್ದು ಅಂದಳು, ಒಮ್ಮೆ ತನ್ನ ಮೈದುನನ ಹೆಸರಿನಿಂದಲೂ ಕರೆದಳು, ಸ್ಲಗ್ ಅನ್ನಲಿಲ್ಲ. ಹುಳದ ಔಷಧ ಮಾರುವ ಅಂಗಡಿಯಲ್ಲಿ ಜನ, ಆ ಹಸಿರು ಡಬ್ಬ ಕೊಡಿ ಎಂದು ಬೆರಳು ತೋರಿಸಿದರು. ಶಾಲೆಯ ಮಕ್ಕಳು ಪಾಠ ಒಪ್ಪಿಸುವಾಗ ಗಟ್ಟಿಯಾಗಿ ಅಂದರು, ಆದರೆ ಒಪ್ಪಿಸಿದ್ದು ಆಡಿದ ಮಾತಲ್ಲ ಎಂದು ಮಾವ ತಳ್ಳಿಹಾಕಿದರು.

ಕೊನೆಗೆ ಸಸಿ ಮಾರುವ ನರ್ಸರಿಯಲ್ಲಿ ಬೀಡುಬಿಟ್ಟೆ. ಏನೂ ಕೊಳ್ಳದೆ ದಿನಾ ಬಂದು ಕುಂಡಗಳ ನಡುವೆ ಕೂರುವ ಹೆಂಗಸನ್ನು ನೋಡಿ ನರ್ಸರಿಯವನಿಗೆ ಮೊದಲು ಅನುಮಾನ, ಆಮೇಲೆ ಕನಿಕರ. ಅವನು ಹುಳ ಹಿಡಿಯುವ ಕ್ರಮವನ್ನು ಅಲ್ಲೇ ನೋಡಿದೆ. ಸಂಜೆ ಪಾತಿಯ ಅಂಚಿಗೆ ಒಂದು ಒದ್ದೆ ಹಲಗೆ ಮಲಗಿಸುತ್ತಾನೆ, ಅಷ್ಟೇ. ಬಲೆಯಿಲ್ಲ, ಬಾಗಿಲಿಲ್ಲ. ಬೆಳಿಗ್ಗೆ ಹಲಗೆ ಎತ್ತಿದರೆ ಕೆಳಗೆ ಹತ್ತಿಪ್ಪತ್ತು ಹುಳ ಅಂಟಿಕೊಂಡಿರುತ್ತವೆ. ಇವು ಓಡಿಹೋಗುವುದಿಲ್ಲವೇ ಎಂದು ಕೇಳಿದೆ. ಎಲ್ಲಿಗೆ ಹೋಗ್ತಾವೆ, ತಣ್ಣಗಿದೆ ಅಂತ ಇದ್ದುಬಿಡ್ತಾವೆ ಅಂದ. ನನಗೆ ಯಾಕೋ ಅಲ್ಲಿ ಕೂರಲಾಗಲಿಲ್ಲ. ಎದ್ದು ಮನೆಗೆ ಬಂದೆ.

ಆ ಸೋಮವಾರಕ್ಕೆ ಮೊದಲಿನ ಶುಕ್ರವಾರ ತಡೆಯಲಾರದೆ ನರ್ಸರಿಯವನಿಗೆ ವಿಷಯ ಹೇಳಿಬಿಟ್ಟೆ. ಪುಣ್ಯಾತ್ಮ, ಇಷ್ಟೇನಾ ಎಂದು ಒಂದೇ ಉಸಿರಿಗೆ ಸ್ಲಗ್ ಪದ ಹಾಕಿ ಆರು ವಾಕ್ಯ ಒಗೆದ. ಒಂದನ್ನು ಬರೆದುಕೊಂಡು ಬಂದೆ. ಮಾವ ಕನ್ನಡಕದ ಮೇಲಿನಿಂದ ನೋಡಿ, ನೀನು ಪದ ಹೇಳಿಕೊಟ್ಟೆಯಾ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಹನ್ನೊಂದು ವರ್ಷದಲ್ಲಿ ಅವರ ಒಂದು ಚೀಟಿಯೂ ಸುಳ್ಳಲ್ಲ, ಆ ಹೆಮ್ಮೆ ನನಗೂ ಅಂಟಿತ್ತು. ಹೌದು ಅಂದೆ. ಅವರು ವಾಕ್ಯವನ್ನು ಗೀಟೆಳೆದು ಹೊಡೆದುಹಾಕಿದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ.

ಶನಿವಾರ ಬೆಳಿಗ್ಗೆ ಮಾವ ಹೊಸ ಪೆಟ್ಟಿಗೆಯೊಂದನ್ನು ಒರೆಸಿ ಮೇಜಿನ ಮೇಲಿಟ್ಟು, ಅದರ ಮೇಲೆ ‘ಟಿ’ ಎಂದು ಬರೆಯುತ್ತಿದ್ದರು. ಸ್ಲಗ್ ಸಿಗುವವರೆಗೆ ಕೈ ಕಟ್ಟಿ ಕೂರುವುದೇಕೆ, ಜೊತೆಜೊತೆಗೆ ಟಿ ಕೂಡ ನಡೆಯಲಿ ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಪ್ರೀತಿಯಿಂದಲೇ ಅಂದರು. ಕುರ್ಚಿಯನ್ನು ನನ್ನ ಕಡೆಗೆ ಎಳೆದೂ ಕೊಟ್ಟರು. ನನ್ನ ತಲೆ ಕೆಟ್ಟಿತು.

“ಸಾಕು ಮಾವ,” ಅಂದೆ. ಮಂದ ಕಿವಿಗೆ ಮುಟ್ಟಲೆಂದು ಕೂಗಿದೆನೋ, ಇಷ್ಟು ವರ್ಷದ್ದು ತಾನಾಗಿ ಕೂಗಿಕೊಂಡಿತೋ ಗೊತ್ತಿಲ್ಲ. “ಹಲಗೆ ಕೆಳಗಿನ ಸ್ಲಗ್ ಥರ ಹನ್ನೊಂದು ವರ್ಷ ಈ ಮನೇಲಿ ಅಂಟ್ಕೊಂಡಿದ್ದೀನಿ. ಯಾರೂ ಕಟ್ಟಿಹಾಕಿಲ್ಲ. ಆದ್ರೂ ಹೊರಗೆ ಬರೋಕೆ ಆಗ್ತಿಲ್ಲ.”

ಮಾವನ ಮುಖ ಅರಳಿತು. ನಿಜವಾಗಿಯೂ ಅರಳಿತು. ಪೆನ್ನಿನ ಮುಚ್ಚಳ ತೆಗೆದು, ಖಾಲಿ ಚೀಟಿಯನ್ನು ಸರಸರನೆ ಎಳೆದುಕೊಂಡರು.

“ಇನ್ನೊಂದ್ಸಲ ಹೇಳಮ್ಮ. ನಿಧಾನವಾಗಿ. ‘ಹಲಗೆ ಕೆಳಗಿನ’, ಆಮೇಲೆ?”

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ನಾನು ಚೀರಿದ್ದರಲ್ಲಿ ಅವರಿಗೆ ಕೇಳಿಸಿದ್ದು ಒಂದು ಪದ ಮಾತ್ರ. ನಾಳೆ ನಾನು ಸತ್ತೆ ಎಂದು ಕೂಗಿದರೂ ಅದರಲ್ಲೊಂದು ಇಂಗ್ಲಿಷ್ ಪದವಿದ್ದರೆ ಇವರು ಬರೆದುಕೊಳ್ಳುತ್ತಾರೆ ಅನ್ನಿಸಿತು. ಅಭ್ಯಾಸ ಅನ್ನುವುದು ಎಂಥದ್ದು ನೋಡಿ, ನಾನು ನಿಧಾನವಾಗಿ, ಪದ ಬಿಡಿಸಿ ಬಿಡಿಸಿ, ಮತ್ತೆ ಹೇಳಿದೆ. ಅವರು ಬರೆದರು. ತಾನಾಗಿ ಬಿದ್ದ ಮಾತು, ಚೊಕ್ಕವಾಗಿದೆ ಎಂದು ಮೆಚ್ಚಿಕೊಂಡರು.

ಬರೆದ ಮೇಲೆ ಒಂದು ಸಲ ಬೆರಳಿಟ್ಟು ಓದುವುದು ಅವರ ರೂಢಿ. ಓದಿದರು. ‘ಹನ್ನೊಂದು ವರ್ಷ’ ಎನ್ನುವಲ್ಲಿ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮೊದಲಿನಿಂದ ಓದಿದರು. ಕೊನೆಯ ಮಾತಿಗೆ ಬಂದಾಗ ಅವರ ತುಟಿ ಅಲ್ಲಾಡುವುದು ನಿಂತುಹೋಯಿತು. ತಲೆಯೆತ್ತಲಿಲ್ಲ. ಗೋಡೆ ಗಡಿಯಾರ ನೋಡಿದರು, ಮೇಜಿನ ಮೇಲಿಲ್ಲದ ಧೂಳನ್ನು ಒರೆಸಿದರು.

“ಈ ಪದ ಬಿಟ್ಟುಬಿಡೋಣ,” ಅಂದರು ಕೊನೆಗೆ. “ಅಷ್ಟೇನೂ ಬಳಕೆಯಲ್ಲಿಲ್ಲ.”

ಇಷ್ಟು ವರ್ಷದಲ್ಲಿ ಒಂದು ಪದವನ್ನೂ ಬಿಡದ ಮನುಷ್ಯ. ಈ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಸಂಕಟವಾಯಿತು, ಕೋಪವೂ ಬಂತು. ನನ್ನ ಹನ್ನೊಂದು ವರ್ಷವನ್ನು ಹೀಗೆ ಸದ್ದಿಲ್ಲದೆ ಗುಡಿಸಿಹಾಕಲು ನಾನು ಬಿಡಲಾರೆ.

“ಬಿಡಬೇಡಿ. ಆಡಿದ ಮಾತು ಅದು. ಹಾಗೇ ಅಚ್ಚಾಗಲಿ.”

ಅವರು ಚೀಟಿಯನ್ನು ಮತ್ತೆ ಎದುರಿಗೆ ಎಳೆದುಕೊಂಡರು. ಆಮೇಲೆ ಮುಂದಿನ ಜಾಗಕ್ಕೆ ಪೆನ್ನು ಇಟ್ಟು, ತೀರ ಸಣ್ಣ ದನಿಯಲ್ಲಿ ಕೇಳಿದರು.

“ಕಸುಬು?”

ಸೊಸೆ ಎಂದು ಅವರೇ ಬರೆದುಬಿಡುವ ಮೊದಲು ನಾನು ಹೇಳಿಬಿಡಬೇಕಿತ್ತು.

“ಶಿಕ್ಷಕಿ,” ಅಂದೆ.

“ಯಾವತ್ತಿಂದ?”

“ನಾಡಿದ್ದಿಂದ.”

ಮಾವನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. ಇನ್ನೂ ಆಗದಿರುವುದನ್ನು ಆಗಿದೆ ಎಂದು ಬರೆಯುವವರಲ್ಲ ಅವರು. ಗಂಡ ಬಾಗಿಲಲ್ಲಿ ಬಂದು ನಿಂತು ಅಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು, ಯಾರ ಕಡೆಗೆ ತಲೆಯಾಡಿಸಬೇಕೆಂದು ತಿಳಿಯದೆ.

“ಹಾಗಾದ್ರೆ ಈ ಜಾಗ ಖಾಲಿ ಇರಲಿ,” ಅಂದರು ಮಾವ. “ನಾಡಿದ್ದು ತುಂಬ್ತೀನಿ.”

ಪೆನ್ನಿಗೆ ಮುಚ್ಚಳ ಹಾಕಿದರು. ನಾನು ಎದ್ದು ಹೋಗಿ ಮುಖ್ಯೋಪಾಧ್ಯಾಯಿನಿಗೆ ಫೋನು ಮಾಡಿದೆ. ಅವಸರದಲ್ಲಿ ಎರಡು ಸಲ ತಪ್ಪು ನಂಬರು ಒತ್ತಿದೆ.