ಏಲಕ್ಕಿ ಗೂಡಿನಲ್ಲಿ ವಿಮಾನದ ಬಾಲ

ಮಧುಶ್ರೀ ಹಳೆಯ ಪಂಚೆಯ ತುಂಡನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ವಿಮಾನದ ಬಾಲದ ರೆಕ್ಕೆಯ ಮೇಲೆ ಕೂತ ಧೂಳನ್ನು ಒರೆಸುತ್ತಿದ್ದಳು. ಒದ್ದೆ ಬಟ್ಟೆ ಒಂದು ಸಲ, ಹಿಂದೆಯೇ ಒಣಬಟ್ಟೆ ಒಂದು ಸಲ. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳು ಮಾತಾಡುತ್ತಿರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಗ ಹತ್ತೊಂಬತ್ತು. ದಿನಕ್ಕೆ ಹತ್ತು ಮಾತು ಆಡಿದರೆ ಅವತ್ತು ಮಳೆ ಬರುತ್ತದೆ ಎಂದು ಸೋದರತ್ತೆ ಕೆಂಚಮ್ಮ ತಮಾಷೆ ಮಾಡುವುದಿತ್ತು.

ವಿಮಾನ ರವಿಚಂದ್ರ ಅವರದು. ವಿಮಾನ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು, ವನಗೂರಿನಲ್ಲಿ ಏಲಕ್ಕಿ ಎಸ್ಟೇಟ್ ಇತ್ತು. ಬೆಟ್ಟದ ಮೇಲೆ ಸಮನಾದ ನೆಲ ಎಲ್ಲಿ ಸಿಗಬೇಕು? ಆಲೂರಿನ ಹೊರಗೆ ಉದ್ದನೆಯ ಹುಲ್ಲುಗಾವಲು ಕೊಂಡು, ತುದಿಗೆ ತಗಡಿನ ಶೆಡ್ಡು ಹಾಕಿಸಿ, ಎರಡು ವರ್ಷದ ಹಿಂದೆ, ಎರಡು ಸಾವಿರದ ಇಸವಿಯಲ್ಲಿ, ಈ ಬಿಳಿ ಮೋಟಾರ್ ಗ್ಲೈಡರನ್ನು ತಂದು ನಿಲ್ಲಿಸಿದ್ದರು. ಸಣ್ಣ ಇಂಜಿನ್ನಿನಿಂದ ಮೇಲೇರಿ, ಆಮೇಲೆ ಇಂಜಿನ್ ಆರಿಸಿ, ಹದ್ದಿನ ಹಾಗೆ ಗಾಳಿಯ ಮೇಲೆ ತೇಲುವಂಥದ್ದು. ಮೈಯೆಲ್ಲ ಗಾಜಿನೆಳೆಯ ಬಟ್ಟೆ ಮತ್ತು ಅಂಟು. ಊರಿನವರು ಅದನ್ನು ಸಾಹೇಬರ ಕೊಕ್ಕರೆ ಎನ್ನುತ್ತಿದ್ದರು.

ಗಾಜಿನೆಳೆಯ ಕೆಲಸ ಗೊತ್ತಿದ್ದವನು ಆಲೂರಿನಲ್ಲಿ ಒಬ್ಬನೇ, ಮಧುಶ್ರೀಯ ಅಪ್ಪ ಸಿದ್ದಬಸಪ್ಪ. ಅವನು ಮಾಡಿದ ಜೀಪಿನ ಟಾಪ್ ಒಂದೂ ವಾಪಸ್ ಬಂದದ್ದಿಲ್ಲ. ಆ ಹೆಸರಿನ ಮೇಲೆಯೇ ಅವನ ಅಂಗಡಿ ನಿಂತಿತ್ತು. ದಸರೆಗೆ ಮುಂಚೆ ಪಕ್ಕದ ಹೊಲದ ಎಮ್ಮೆಯೊಂದು ಶೆಡ್ಡಿಗೆ ನುಗ್ಗಿ, ಕಂಬ ಸಿಕ್ಕಿತೆಂದು ವಿಮಾನದ ಬಾಲಕ್ಕೆ ಮೈ ಉಜ್ಜಿ, ಅಂಗೈಯಗಲ ಬಿರುಕು ಬಿಡಿಸಿತ್ತು. ರವಿಚಂದ್ರ ಆಗ ಜ್ವರ ಹಿಡಿದು ಮಲಗಿದ್ದರು. ಬಾಲಕ್ಕೆ ಹಾಕಬೇಕಾದ ಅಂಟಿನ ಎರಡು ಡಬ್ಬ ಕಳಿಸಿ, ರಿಪೇರಿಯನ್ನು ಸಿದ್ದಬಸಪ್ಪನಿಗೆ ಒಪ್ಪಿಸಿದ್ದರು. ಎದ್ದು ಬಂದು ನೋಡುವ ಹೊತ್ತಿಗೆ ಬಿರುಕು ಎಲ್ಲಿತ್ತೆಂದು ಹುಡುಕಬೇಕಾಗಿತ್ತು, ಅಷ್ಟು ನುಣುಪಾಗಿ ಬಣ್ಣ ಬಿದ್ದಿತ್ತು. ವಿಮಾನದ ರಿಪೇರಿ ಪುಸ್ತಕದಲ್ಲಿ ಸಹಿ ಹಾಕಿದರು. ನಾಳೆ ಭಾನುವಾರ ಹಾರುವುದೆಂದು ಗೊತ್ತಾಗಿತ್ತು.

ಒರೆಸಿ ಮುಗಿಸಿದ ಮಧುಶ್ರೀ ಸೆರಗಿನ ಗಂಟಿನಿಂದ ಎಂಟಾಣೆಯ ನಾಣ್ಯ ತೆಗೆದಳು. ಅಂಗಡಿಯಲ್ಲಿ ಪ್ರತಿ ಟಾಪಿನ ಮೇಲೂ ಅವಳು ಹೀಗೆ ನಾಣ್ಯ ಕುಟ್ಟಿ ಕೇಳುತ್ತಿದ್ದಳು. ಅಂಟು ಹಿಡಿದಿದ್ದರೆ ಸದ್ದು ಗಟ್ಟಿಯಾಗಿ ಬರುತ್ತದೆ, ಒಳಗೆ ಬಿಟ್ಟಿದ್ದರೆ ಮೆತ್ತಗಾಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ಕೇಳುತ್ತ ಕೇಳುತ್ತ ಬಂದದ್ದು. ಬಾಲದ ತುದಿಯಿಂದ ಶುರುಮಾಡಿದಳು. ಟಕ್, ಟಕ್, ಟಕ್. ರಿಪೇರಿಯಾದ ಜಾಗಕ್ಕೆ ಬಂದಾಗ, ದಪ್.

ಇನ್ನೊಮ್ಮೆ ಕುಟ್ಟಿದಳು. ಮತ್ತೆ ಅದೇ.

ಆಗ ಅವಳಿಗೆ ಅಂಗಡಿಯ ಅಟ್ಟದ ಮೇಲಿದ್ದ ಎರಡು ಡಬ್ಬಗಳು ನೆನಪಾದವು. ಒಂದೊಂದರಿಂದ ಒಂದು ಲೋಟದಷ್ಟೂ ಕಡಿಮೆಯಾಗಿರಲಿಲ್ಲ. ಸಾಹೇಬರ ಅಂಟು ಮಂಜಿನ ಚಳಿಗೆ ಎರಡು ದಿನವಾದರೂ ಬೆಲ್ಲದ ಪಾಕದಂತೆ ಜಿಗುಟಾಗಿಯೇ ಇತ್ತು. ಅಪ್ಪ ಅದು ಕೆಟ್ಟದ್ದೆಂದು ಬೈದು ಕೆರೆದುಹಾಕಿದ್ದನ್ನು ಅವಳು ನೋಡಿದ್ದಳು. ಆಮೇಲೆ ಜೀಪಿನ ಟಾಪಿಗೆ ಹಾಕುವ ಅಂಟನ್ನೇ ಬಳಿದಿರಬೇಕು. ಅದು ಹೊಸ ಟಾಪಿಗೆ ಸರಿ. ಈ ಬಾಲದ ಹಳೆಯ ಮೈಗೆ ಹಿಡಿಯುವುದಿಲ್ಲ.

ಸಿದ್ದಬಸಪ್ಪ ಬಂದಾಗ ಅವಳು ಮಾತಿಲ್ಲದೆ ನಾಣ್ಯ ಕುಟ್ಟಿ ತೋರಿಸಿದಳು. ಅವನ ಮುಖ ಒಂದು ಗಳಿಗೆ ಬಿಗಿಯಿತು.

"ಬಣ್ಣ ದಪ್ಪ ಕುಂತೈತೆ, ಅದ್ಕೆ ಹಂಗೆ ಸದ್ದು," ಎಂದ. "ಸುಮ್ನೆ ಒರೆಸು."

ಅಷ್ಟರಲ್ಲಿ ಹೊರಗೆ ಗಯಾಜನ ಜೀಪು ನಿಂತಿತು. ವನಗೂರಿನ ಏರುದಾರಿಯಲ್ಲಿ ಬಾಡಿಗೆ ಓಡಿಸುವವನು. ಇಳಿದ ರವಿಚಂದ್ರ ನಗುನಗುತ್ತ ಒಳಗೆ ಬಂದು, ನಾಳೆ ಎಂಟು ಗಂಟೆಗೆ ಮಂಜು ಕರಗುತ್ತಿದ್ದ ಹಾಗೆ ಹೊರಡುವುದೆಂದೂ, ಬಿಸಿಲೆಯ ಬೆಟ್ಟದವರೆಗೆ ಹೋಗಿ ಬರುವುದೆಂದೂ ಹೇಳಿದರು. ಸಿದ್ದಬಸಪ್ಪ ತಲೆಯಾಡಿಸಿದ. ಮಗಳ ಕಡೆ ಒಂದು ನೋಟ ಎಸೆದ. ಆ ನೋಟದಲ್ಲಿ ಸಿಟ್ಟಿಗಿಂತ ಸುಮ್ಮನಿರು ಎಂಬ ಮೊರೆಯೇ ಹೆಚ್ಚಿತ್ತು. ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ನಾಳೆ ಈ ಮನುಷ್ಯ ಮೇಲೇರಿದಾಗ ಬಾಲ ಕೈಕೊಡುತ್ತದೆ.

ಅವಳು ಮೂಲೆಯಲ್ಲಿದ್ದ ತೆಳು ಬ್ಲೇಡು ತಂದು, ಬಣ್ಣದ ಅಂಚಿಗೆ ಚುಚ್ಚಿ, ಮೆಲ್ಲಗೆ ಎತ್ತಿದಳು. ಕಾದ ಕಾವಲಿಯಿಂದ ದೋಸೆ ಏಳುವಂತೆ ಇಡೀ ತೇಪೆ ಎದ್ದು ಬಂದು ಅವಳ ಕೈಯಲ್ಲಿ ನಿಂತಿತು. ಅಡಿಯಲ್ಲಿ ಎಮ್ಮೆ ಬಿಡಿಸಿದ ಬಿರುಕು ಇದ್ದ ಹಾಗೆಯೇ ಇತ್ತು.

ರವಿಚಂದ್ರ ತೇಪೆಯನ್ನು ತಿರುಗಿಸಿ ನೋಡಿ, ಮೂಸಿ, ಯಾವ ಅಂಟು ಎಂದು ಕೇಳಿದರು.

"ನಮ್ದೇ ಸಾರ್," ಎಂದ ಸಿದ್ದಬಸಪ್ಪ. "ನಿಮ್ದು ಒಣಗ್ಲೇ ಇಲ್ಲ."

ಬೈಯುತ್ತಾರೆಂದು ಮಧುಶ್ರೀ ಕಣ್ಣು ಮುಚ್ಚಿಕೊಂಡಿದ್ದಳು. ಅವರು ಬೈಯಲಿಲ್ಲ. ಶಾಖದ ವಿಷಯ ಹೇಳದೆ ಅಂಟು ಕಳಿಸಿದ್ದು, ಬರೀ ಬಣ್ಣ ನೋಡಿ ಸಹಿ ಹಾಕಿದ್ದು ತನ್ನ ತಪ್ಪು ಎಂದರು. ಆ ಅಂಟಿಗೆ ಐವತ್ತು ಐವತ್ತೈದು ಡಿಗ್ರಿ ಶಾಖ ಹದಿನೈದು ಗಂಟೆ ಬೇಕು, ಹೆಚ್ಚಾದರೂ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ, ಈ ಚಳಿಯಲ್ಲಿ ಅಂಥ ಕೋಣೆ ಎಲ್ಲಿಂದ ತರುವುದು ಎಂದು ಅಲ್ಲೇ ಸ್ಟೂಲಿನ ಮೇಲೆ ಕುಳಿತರು. ಸಿದ್ದಬಸಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಟ್ಟ.

ಬಾಗಿಲ ಕಡೆ ನೋಡುತ್ತಲೇ ಮಧುಶ್ರೀ ಬಾಯಿ ತೆರೆದಳು. "ನಿಮ್ಮ ಏಲಕ್ಕಿ ಗೂಡು ಐತಲ್ಲ, ಸಾರ್."

ಶಾಲೆ ಬಿಟ್ಟ ಮೇಲೆ ಎರಡು ಕೊಯ್ಲು ಅವಳು ವನಗೂರಿನ ಅವರ ಎಸ್ಟೇಟಿನಲ್ಲಿ ಕೆಂಚಮ್ಮನ ಜೊತೆ ಕೆಲಸ ಮಾಡಿದ್ದಳು. ಹಸಿ ಏಲಕ್ಕಿಯನ್ನು ತಟ್ಟೆಗಳಲ್ಲಿ ಹರವಿ, ನೆಲದ ಕೊಳವೆಗಳಲ್ಲಿ ಸೌದೆಯ ಶಾಖ ಹರಿಸಿ ಒಣಗಿಸುವ ಕೋಣೆ ಅದು. ಶಾಖ ಹೆಚ್ಚಿದರೆ ಕಾಯಿಯ ಹಸಿರು ಹೋಗುತ್ತದೆ, ಇಳಿದರೆ ಬೂಸ್ಟು ಹಿಡಿಯುತ್ತದೆ. ಕೆಂಚಮ್ಮ ಇಪ್ಪತ್ತು ವರ್ಷದಿಂದ ಆ ಹದವನ್ನು ಕೈಯ ಹಿಂಭಾಗದಿಂದ ಅಳೆಯುತ್ತಿದ್ದಳು.

ಬಾಲದ ರೆಕ್ಕೆಯನ್ನು ಬಿಚ್ಚಿ, ಗೋಣಿಚೀಲ ಸುತ್ತಿ, ಜೀಪಿನ ಮೇಲೆ ಕಟ್ಟಿದರು. ಇಷ್ಟು ವರ್ಷದಲ್ಲಿ ತನ್ನ ಜೀಪು ಹಾರುವುದೊಂದು ಬಾಕಿ ಇತ್ತೆಂದು ಗಯಾಜ್ ನಕ್ಕ. ತಿರುವುಗಳಲ್ಲಿ ಮಾತ್ರ ಹಸುಗೂಸನ್ನು ಮಲಗಿಸಿಕೊಂಡವನಂತೆ ಓಡಿಸಿದ.

ಕೆಂಚಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಏಲಕ್ಕಿ ಮಡಗೋ ಜಾಗ್ದಲ್ಲಿ ವಿಮಾನ ಮಡಗ್ತೀರಾ, ಮಾರಾಯ್ರಾ? ನಾಳೆ ಏಲಕ್ಕಿ ಹಾರೋಗ್ಬುಟ್ರೆ ನನ್ ಕೇಳ್ಬೇಡಿ."

ಹಾಗೆನ್ನುತ್ತಲೇ ತಟ್ಟೆಗಳನ್ನು ಎತ್ತಿಸಿ ಜಾಗ ಮಾಡಿಕೊಟ್ಟಳು. ರವಿಚಂದ್ರ ಹೇಳುತ್ತ ಹೋದಂತೆ ಮಧುಶ್ರೀ ಬಿರುಕಿನ ಅಂಚನ್ನು ಇಳಿಜಾರಾಗಿ ಉಜ್ಜಿದಳು, ಸಾಹೇಬರ ಅಂಟನ್ನು ತೂಗಿ ಕಲಸಿದಳು, ಬಟ್ಟೆಯ ಪದರಗಳನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಹಚ್ಚಿದಳು. ಒಂದು ದಿನ ಬೆಚ್ಚಗಿನ ಮೂಲೆಯಲ್ಲಿ ಗಟ್ಟಿಯಾಗಲು ಬಿಟ್ಟು, ಮಾರನೆಯ ದಿನ ನಸುಕಿನಲ್ಲಿ ಗೂಡಿಗೆ ಸೇರಿಸಿದರು. ಕೆಂಚಮ್ಮ ಕೈಯಿಟ್ಟು "ಸಾಕು" ಎಂದಾಗಲೆಲ್ಲ ಗೋಡೆಯ ಥರ್ಮಾಮೀಟರ್ ಐವತ್ತನಾಲ್ಕು ತೋರಿಸುತ್ತಿತ್ತು.

ಬೆಳಿಗ್ಗೆ ಒಂಬತ್ತು ಗಂಟೆಯ ಬಸ್ಸಿಗೆ ಸಿದ್ದಬಸಪ್ಪ ಬಂದ. ಶೆಡ್ಡಿನ ಆ ಶನಿವಾರದಿಂದ ಅವನು ಮಗಳೊಡನೆ ಮಾತು ಬಿಟ್ಟಿದ್ದ. ಒಲೆಯ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಏನಣ್ಣ, ಸಿಟ್ಟು ಮಗಳ ಮೇಲೋ, ನಿನ್ ಮೇಲೋ?" ಎಂದಳು ಕೆಂಚಮ್ಮ.

ಅವನು ದಪ್ಪನೆಯ ಕೊರಡೊಂದನ್ನು ಒಲೆಗೆ ತುರುಕಿದ. ಮಧುಶ್ರೀ ಮುಂದೆ ಬಾಗಿ ಅದನ್ನು ಹೊರಗೆಳೆದಳು. ಅವನು ಅದನ್ನೇ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಸೀಳಿದ ಸಣ್ಣ ಸೌದೆ ಆರಿಸಿ ಇಟ್ಟ. ಅವಳು ಅದನ್ನು ಬಿಟ್ಟಳು. ರಾತ್ರಿ ಎಂಟರವರೆಗೂ ತಂದೆ ಮಗಳು ಹೀಗೆಯೇ ಬೆಂಕಿ ಕಾದರು.

ಬಾಲ ಹೊರಬಂದಾಗ ಏಲಕ್ಕಿಯ ಪರಿಮಳ ಹೊಡೆಯುತ್ತಿತ್ತು. ಮಧುಶ್ರೀ ನಾಣ್ಯ ಕುಟ್ಟಿದಳು. ಆ ತುದಿಯಿಂದ ಈ ತುದಿಗೆ ಒಂದೇ ಸದ್ದು. ರವಿಚಂದ್ರ ಆಮೇಲೆ ಅದನ್ನು ತೂಕಕ್ಕಿಟ್ಟು, ಮರಳಿನ ಚೀಲ ಹೇರಿ ಬಲ ನೋಡಿ, ಎರಡು ದಿನ ಬಿಟ್ಟು ಮತ್ತೆ ನೋಡಿ, ಆಗಲೇ ಸಹಿ ಹಾಕಿದ್ದು. ರಿಪೇರಿ ಮಾಡಿದವರು ಎಂಬಲ್ಲಿ ಎರಡು ಹೆಸರು ಬರೆದರು, ತಂದೆಯದೂ ಮಗಳದೂ.

ಮುಂದಿನ ಭಾನುವಾರ ಎಂಟೂವರೆಗೆ ಮಂಜು ಕರಗಿತು. ಬಿಳಿ ವಿಮಾನ ಹುಲ್ಲಿನ ಮೇಲೆ ಓಡಿ, ಬೇಲಿಗೆ ಎಷ್ಟೋ ಮುಂಚೆಯೇ ನೆಲ ಬಿಟ್ಟು, ಸಕಲೇಶಪುರದ ಬೆಟ್ಟಗಳ ಕಡೆ ಏರಿತು. ಬಾಲ ನೆಟ್ಟಗಿತ್ತು. ಬಹಳ ಮೇಲೆ ಹೋದ ಮೇಲೆ ಇಂಜಿನ್ ಸದ್ದು ನಿಂತಿತು. ಗಯಾಜ್ ಬಾಯಿ ತೆರೆದುಕೊಂಡು ನಿಂತ, ಕೆಂಚಮ್ಮ ಕೈ ಮುಗಿದಳು. ರೆಕ್ಕೆ ಬಿಸಿಲಿಗೆ ಮಿಂಚುತ್ತ ವಿಮಾನ ದೊಡ್ಡದಾಗಿ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು.

ಸಿದ್ದಬಸಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಅವನ ಕತ್ತು ವಿಮಾನದ ಜೊತೆಯೇ ತಿರುಗುತ್ತಿತ್ತು. ಮಧುಶ್ರೀ ಹತ್ತಿರ ಹೋಗಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಳು. ಅವನು ಸರಿಯಲಿಲ್ಲ.

"ಅಪ್ಪಾ," ಎಂದಳು, "ನನ್ ಜೊತೆ ಮಾತಾಡು."